ಚುಕ್ಕೆಕಾಳಿನ ಗುಟ್ಟು ಬಿಡಿಸಿದ ಬಾರ್ಬರಾ ಮೆಕ್‌ಕ್ಲಿಂಟಾಕ್



ಗೋವಿನ ಜೋಳದ ತೆನೆ ಸುಲಿಯುವಾಗ ಹಳದಿ ಕಾಳುಗಳ ಸಾಲಿನಲ್ಲಿ ಒಮ್ಮೊಮ್ಮೆ ನೇರಳೆ ಬಣ್ಣದ ಕಾಳೊಂದು ನಿಮ್ಮ ಕಣ್ಣಿಗೆ ಬಿದ್ದಿರಬಹುದು. ನಿಮ್ಮ ಸೀಮೆಯಲ್ಲಿ ಇದನ್ನು ಮುಸುಕಿನ ಜೋಳವೆಂದೋ ಮೆಕ್ಕೆಜೋಳವೆಂದೋ ಕರೆಯುವುದಾದರೆ ಹಾಗೆಯೇ ಓದಿಕೊಳ್ಳಿ. ಇಡೀ ಕಾಳಿಗೆ ಒಂದೇ ಸಮನೆ ಬಣ್ಣ ಬಂದಿದ್ದರೆ ಅದು ಸಾಮಾನ್ಯವಾಗಿ ಬಣ್ಣದ ತಳಿಯ ಪರಾಗ ಗಾಳಿಯಲ್ಲಿ ಹಾರಿ ಬಂದು ನಿಮ್ಮ ತೆನೆಯ ಕೂದಲ ಮೇಲೆ ಬಿದ್ದದ್ದರ ಫಲ. ಅದರಲ್ಲಿ ದೊಡ್ಡ ಒಗಟೇನೂ ಇಲ್ಲ. ಆದರೆ ಕೆಲವು ಬಣ್ಣದ ತಳಿಗಳಲ್ಲಿ ಮತ್ತೊಂದು ಬಗೆಯ ಕಾಳು ಸಿಗುತ್ತದೆ. ಅದರ ಮೈ ಬಿಳಿಯೋ ಹಳದಿಯೋ ಇರುತ್ತದೆ. ಮೇಲೆ ನೇರಳೆ ಶಾಯಿ ಸಿಡಿದ ಹಾಗೆ ಚುಕ್ಕೆಗಳು. ಕೆಲವು ಸೂಜಿಮೊನೆಯಷ್ಟು ಸಣ್ಣವು, ಕೆಲವು ಕಾಳಿನ ಅರ್ಧ ಮೈಯನ್ನೇ ಮುಚ್ಚುವಷ್ಟು ದೊಡ್ಡವು. ಇದು ಬೂಷ್ಟಲ್ಲ, ಕೀಟದ ಹಾವಳಿಯೂ ಅಲ್ಲ.

ಈ ಚುಕ್ಕೆ ಏಕೆ ಬೀಳುತ್ತದೆ ಎಂದು ಕೇಳಿಕೊಂಡ ಅಮೆರಿಕದ ಹೆಣ್ಣುಮಗಳೊಬ್ಬರು ತಮ್ಮ ಆಯುಷ್ಯದ ಬಹುಪಾಲನ್ನು ಅದರ ಉತ್ತರಕ್ಕಾಗಿ ಸವೆಸಿದರು. ಉತ್ತರ ಸಿಕ್ಕಿತು. ಆದರೆ ಅದರ ಬೆಲೆ ಲೋಕಕ್ಕೆ ತಿಳಿಯಲು ಇಪ್ಪತ್ತೈದು ಮೂವತ್ತು ವರ್ಷ ಹಿಡಿಯಿತು. ಅವರ ಹೆಸರು ಬಾರ್ಬರಾ ಮೆಕ್‌ಕ್ಲಿಂಟಾಕ್. ಅವರು ಕಂಡುಕೊಂಡ ಸಂಗತಿಗೂ, ಇಂದು ಅಂಗಾಂಶ ಕೃಷಿಯ ಸಸಿ ತಂದು ನೆಡುವ ರೈತನ ಲಾಭನಷ್ಟಕ್ಕೂ ಸಂಬಂಧವಿದೆ. ಆದ್ದರಿಂದ ಅವರ ಬದುಕಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ನಿಮ್ಮ ಮುಂದಿಡುತ್ತಿದ್ದೇನೆ.

ಕೃಷಿ ಕಾಲೇಜಿನ ಹುಡುಗಿ

ಬಾರ್ಬರಾ ಹುಟ್ಟಿದ್ದು 1902ರ ಜೂನ್ 16ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ. ತಂದೆ ಹೋಮಿಯೋಪತಿ ವೈದ್ಯರು. ನಾಲ್ವರು ಮಕ್ಕಳಲ್ಲಿ ಇವರು ಮೂರನೆಯವರು. ಮೊದಲು ಇಟ್ಟ ಹೆಸರು ಎಲಿನರ್. ಅಷ್ಟು ನಯವಾದ ಹೆಸರು ಈ ಗಟ್ಟಿ ಹುಡುಗಿಗೆ ಒಪ್ಪುವುದಿಲ್ಲವೆಂದು ಹೆತ್ತವರೇ ಅದನ್ನು ಬದಲಿಸಿದರು. 1908ರಲ್ಲಿ ಸಂಸಾರ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂದು ನೆಲೆಸಿತು. ಹೈಸ್ಕೂಲು ಮುಗಿದ ಮೇಲೆ ಕಾಲೇಜಿಗೆ ಹೋಗುವ ಮಾತು ಬಂದಾಗ ತಾಯಿ ಅಡ್ಡ ನಿಂತರು. ಹೆಚ್ಚು ಓದಿದ ಹುಡುಗಿಗೆ ಗಂಡು ಸಿಗುವುದು ಕಷ್ಟ ಎಂಬುದು ಅವರ ಚಿಂತೆ. ಈ ಮಾತನ್ನು ನಮ್ಮ ಊರುಗಳಲ್ಲಿಯೂ ಕೇಳದವರಿಲ್ಲ. ಮೊದಲ ಮಹಾಯುದ್ಧದಲ್ಲಿ ಸೇನೆಯ ವೈದ್ಯರಾಗಿ ಹೋಗಿದ್ದ ತಂದೆ ಮರಳಿ ಬಂದು ಮಗಳ ಪಕ್ಷ ವಹಿಸಿದ್ದರಿಂದ 1919ರಲ್ಲಿ ಬಾರ್ಬರಾ ಕಾರ್ನೆಲ್ ವಿಶ್ವವಿದ್ಯಾನಿಲಯದ ಕೃಷಿ ಕಾಲೇಜನ್ನು ಸೇರಿದರು.

ಅಲ್ಲಿಯೇ 1923ರಲ್ಲಿ ಬಿ.ಎಸ್‌ಸಿ., 1925ರಲ್ಲಿ ಎಂ.ಎ., 1927ರಲ್ಲಿ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಆಯಿತು. ಕಾರ್ನೆಲ್ ಆಗ ಗೋವಿನ ಜೋಳದ ತಳಿಶಾಸ್ತ್ರಕ್ಕೆ ದೊಡ್ಡ ಕೇಂದ್ರ. ರಾಲಿನ್ಸ್ ಎಮರ್ಸನ್ ಎಂಬ ಪ್ರಾಧ್ಯಾಪಕರ ಸುತ್ತ ತರುಣರ ಗುಂಪೊಂದು ಸೇರಿತ್ತು. ಬೇರೆ ಕಡೆ ವಿಜ್ಞಾನಿಗಳು ಹಣ್ಣಿನ ನೊಣವನ್ನು ಸೀಸೆಯಲ್ಲಿ ಸಾಕಿ ಆನುವಂಶಿಕತೆಯನ್ನು ಅಭ್ಯಾಸ ಮಾಡುತ್ತಿದ್ದರು. ನೊಣಕ್ಕೆ ಎರಡು ವಾರದಲ್ಲಿ ಒಂದು ತಲೆಮಾರು ಮುಗಿಯುತ್ತದೆ. ಗೋವಿನ ಜೋಳಕ್ಕೆ ಒಂದು ಹಂಗಾಮೇ ಬೇಕು. ಆದರೂ ಇವರು ಇದನ್ನೇ ಹಿಡಿದದ್ದಕ್ಕೆ ಕಾರಣವಿದೆ. ಒಂದೊಂದು ಕಾಳಿಗೂ ಒಂದೊಂದು ಕೂದಲು, ಒಂದೊಂದು ಕೂದಲಿಗೂ ಬೇರೆ ಬೇರೆ ಪರಾಗಕಣ ಎಂಬುದು ನಿಮಗೆ ಗೊತ್ತಿದ್ದದ್ದೇ. ಎಂದರೆ ಒಂದು ತೆನೆ ಬಿಚ್ಚಿದರೆ ನೂರಾರು ಮಕ್ಕಳಿರುವ ಒಂದು ಸಂಸಾರವೇ ಸಾಲಾಗಿ ಕುಳಿತಂತೆ. ಯಾರಿಗೆ ತಾಯಿಯ ಬಣ್ಣ, ಯಾರಿಗೆ ತಂದೆಯ ಬಣ್ಣ ಎಂಬುದನ್ನು ಕಣ್ಣಲ್ಲೇ ಎಣಿಸಬಹುದು.

ಬಾರ್ಬರಾ ಈ ಎಣಿಕೆಗೆ ಸೂಕ್ಷ್ಮದರ್ಶಕವನ್ನು ಜೊತೆಗೂಡಿಸಿದರು. ಜೀವಕೋಶದೊಳಗೆ ವಂಶಗುಣಗಳನ್ನು ಹೊತ್ತ ದಾರಗಳಿವೆ, ಅವಕ್ಕೆ ವರ್ಣತಂತುಗಳೆನ್ನುತ್ತಾರೆ. ಗೋವಿನ ಜೋಳದಲ್ಲಿ ಹತ್ತು ಜೊತೆ. ಆ ಹತ್ತನ್ನೂ ಉದ್ದ, ಗಿಡ್ಡ, ಗಂಟು ನೋಡಿ ಒಂದೊಂದಾಗಿ ಗುರುತಿಸಿ ನಂಬರು ಕೊಟ್ಟವರು ಇವರು. 1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಎಂಬ ಶಿಷ್ಯೆಯೊಡನೆ, ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಾಗಲೇ ಗುಣಗಳೂ ಅದಲುಬದಲಾಗುತ್ತವೆ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. ಅದೊಂದೇ ಕೆಲಸಕ್ಕೆ ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಉಳಿಯುತ್ತಿತ್ತು.

ಹೆಸರು ಬಂತು, ನೌಕರಿ ಬರಲಿಲ್ಲ. ಹೆಂಗಸರನ್ನು ಪ್ರಾಧ್ಯಾಪಕರನ್ನಾಗಿ ತೆಗೆದುಕೊಳ್ಳುವ ವಿಶ್ವವಿದ್ಯಾನಿಲಯಗಳು ಆಗ ಬಹಳ ಕಡಿಮೆ. ಕೆಲವು ವರ್ಷ ಸಂಶೋಧನಾ ವೇತನದ ಮೇಲೆ ಊರೂರು ತಿರುಗಿದರು. 1933ರಲ್ಲಿ ಜರ್ಮನಿಗೆ ಹೋದರು. ಅದೇ ವರ್ಷ ಹಿಟ್ಲರ್ ಅಧಿಕಾರ ಹಿಡಿದಿದ್ದ. ಅಲ್ಲಿಯ ವಾತಾವರಣ ಸಹಿಸಲಾಗದೆ ಅವಧಿಗೆ ಮುಂಚೆಯೇ ಹಿಂದಿರುಗಿದರು. 1936ರಿಂದ ಮಿಸೌರಿ ವಿಶ್ವವಿದ್ಯಾನಿಲಯದಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿದ್ದು, ಮುಂದೆ ಅಲ್ಲಿ ತಮಗೆ ಭವಿಷ್ಯವಿಲ್ಲವೆಂದು ಕಂಡುಕೊಂಡು 1941ರಲ್ಲಿ ಬಿಟ್ಟುಬಂದರು. ಕೊನೆಗೆ ನೆಲೆ ಸಿಕ್ಕಿದ್ದು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್ ಕಡಲದಂಡೆಯ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಎಂಬಲ್ಲಿ, ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆ ನಡೆಸುತ್ತಿದ್ದ ಸಂಶೋಧನಾ ಕೇಂದ್ರದಲ್ಲಿ. ಪಾಠ ಹೇಳುವ ಹೊರೆ ಇಲ್ಲ. ಒಂದು ತುಂಡು ಹೊಲ, ಒಂದು ಸೂಕ್ಷ್ಮದರ್ಶಕ. ಸಾಯುವವರೆಗೆ ಅದನ್ನು ಬಿಟ್ಟು ಬೇರೆ ಕಡೆ ಹೋಗಲಿಲ್ಲ.

ಆ ಹೊಲದ ಕೆಲಸವನ್ನು ಬಹುಮಟ್ಟಿಗೆ ಅವರೇ ಮಾಡುತ್ತಿದ್ದರು. ತೆನೆಯ ಕೂದಲು ಹೊರಬರುವ ಮೊದಲೇ ಅದಕ್ಕೆ ಚೀಲ ಮುಚ್ಚಬೇಕು, ಸೂಲಂಗಿಗೂ ಚೀಲ ಕಟ್ಟಬೇಕು, ಪರಾಗ ಉದುರಿಸಿಕೊಂಡು ಬೇಕಾದ ತೆನೆಗೆ ಹಾಕಿ ಮತ್ತೆ ಮುಚ್ಚಿ ಚೀಟಿ ಬರೆಯಬೇಕು. ರಾಣೆಬೆನ್ನೂರು ಸೀಮೆಯಲ್ಲಿ ಬೀಜೋತ್ಪಾದನೆ ಮಾಡುವವರಿಗೆ ಈ ಕೆಲಸದ ಕಷ್ಟ ನಾನು ಹೇಳಬೇಕಾಗಿಲ್ಲ. ಒಂದು ದಿನ ತಪ್ಪಿದರೆ ಒಂದು ವರ್ಷ ತಪ್ಪಿದಂತೆ. ಬಾರ್ಬರಾಗೆ ತಮ್ಮ ಒಂದೊಂದು ಗಿಡದ ಪೂರ್ವೋತ್ತರವೂ ಗೊತ್ತಿರುತ್ತಿತ್ತು.

ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ

1944ರಲ್ಲಿ ಅವರು ಒಂಬತ್ತನೆಯ ನಂಬರಿನ ವರ್ಣತಂತು ಮುರಿದುಹೋಗಿದ್ದ ಗಿಡಗಳಿಂದ ಬೀಜ ಪಡೆದು ಬಿತ್ತಿದರು. ಬಂದ ಸಸಿಗಳಲ್ಲಿ ಅನೇಕವು ವಿಚಿತ್ರವಾಗಿದ್ದವು. ಹಸಿರು ಎಲೆಯ ಮೇಲೆ ಬಿಳಿಚಿದ ಮಚ್ಚೆಗಳು, ಗೀರುಗಳು. ಬೇರೆಯವರಾದರೆ ಕಿತ್ತು ಬಿಸಾಡುತ್ತಿದ್ದರು. ಇವರು ಒಂದೊಂದೇ ಎಲೆಯನ್ನು ನೋಡುತ್ತ ಹೋದರು. ಒಂದು ಗಿಡದಲ್ಲಿ ಮಚ್ಚೆ ಬೀಳುವ ಪ್ರಮಾಣ ಸಾಮಾನ್ಯವಾಗಿ ಒಂದೇ ಸಮನಿರುತ್ತಿತ್ತು. ಆದರೆ ಅಲ್ಲಲ್ಲಿ ಎಲೆಯಲ್ಲಿ ಪಕ್ಕಪಕ್ಕದ ಎರಡು ಪಟ್ಟೆಗಳು ಕಂಡವು: ಒಂದರಲ್ಲಿ ಮಚ್ಚೆ ಬಹಳ ದಟ್ಟ, ಅದಕ್ಕೆ ತಾಗಿದ ಇನ್ನೊಂದರಲ್ಲಿ ಬಹಳ ವಿರಳ.

ಪಕ್ಕಪಕ್ಕದ ಪಟ್ಟೆಗಳೆಂದರೆ ಒಂದೇ ಕೋಶ ಎರಡಾಗಿ ಸೀಳಿದಾಗ ಹುಟ್ಟಿದ ಅವಳಿಗಳ ಸಂತಾನ. ಮನೆ ಪಾಲಾಗುವಾಗ ಅಣ್ಣನಿಗೆ ಏನೋ ಹೆಚ್ಚು ಬಂದು ತಮ್ಮನಿಗೆ ಅಷ್ಟೇ ಕಡಿಮೆಯಾದ ಹಾಗೆ ಅದು ಕಾಣುತ್ತಿತ್ತು. ಕೋಶ ಸೀಳುವಾಗ ಒಂದು ಮಗಳು ಕೋಶ ಕಳೆದುಕೊಂಡದ್ದನ್ನು ಇನ್ನೊಂದು ಪಡೆದುಕೊಂಡಿದೆ ಎಂದು ಬಾರ್ಬರಾ ತರ್ಕಿಸಿದರು. ಹಾಗಾದರೆ ಆ ವಸ್ತು ಯಾವುದು? ಅದನ್ನು ಹಿಡಿಯಲು ನಾಲ್ಕು ವರ್ಷ ಬೇಕಾಯಿತು.

ಒಂಬತ್ತನೆಯ ವರ್ಣತಂತು ಪ್ರತಿ ಸಲವೂ ಒಂದೇ ಜಾಗದಲ್ಲಿ ಮುರಿಯುತ್ತಿತ್ತು. ಆ ಜಾಗದಲ್ಲಿ ಒಂದು ತುಂಡು ಇದೆಯೆಂದು ತಿಳಿದು ಅದಕ್ಕೆ ಡಿಸೋಸಿಯೇಷನ್ ಎಂದು ಹೆಸರಿಟ್ಟರು, ಬೇರ್ಪಡಿಸುವುದು ಎಂದರ್ಥ. ಆದರೆ ಅದು ತಾನಾಗಿಯೇ ಮುರಿಯುವಂತಿರಲಿಲ್ಲ. ಆಕ್ಟಿವೇಟರ್, ಅಂದರೆ ಚುರುಕುಗೊಳಿಸುವುದು ಎಂಬ ಮತ್ತೊಂದು ತುಂಡು ಅದೇ ಗಿಡದಲ್ಲಿ ಎಲ್ಲಾದರೂ ಇದ್ದರೆ ಮಾತ್ರ ಕೆಲಸ ನಡೆಯುತ್ತಿತ್ತು. ಇಷ್ಟು ತಿಳಿಯುವಷ್ಟರಲ್ಲಿ ಮತ್ತೊಂದು ಸಂಗತಿ ಎದುರಾಯಿತು. ಕೆಲವು ಗಿಡಗಳಲ್ಲಿ ಮುರಿಯುವ ಜಾಗವೇ ಬದಲಾಗಿತ್ತು. 1948ರ ಹೊತ್ತಿಗೆ ಬಾರ್ಬರಾಗೆ ಖಚಿತವಾಯಿತು, ಈ ತುಂಡುಗಳು ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಹೋಗಿ ಕೂರುತ್ತವೆ.

ಆ ಕಾಲದ ತಿಳಿವಳಿಕೆಯ ಪ್ರಕಾರ ವಂಶವಾಹಿಗಳು ದಾರಕ್ಕೆ ಪೋಣಿಸಿದ ಮಣಿಗಳಂತೆ, ತಂತಮ್ಮ ಜಾಗದಲ್ಲಿ ಕದಲದೆ ಇರತಕ್ಕವು. ಈಕೆ ಹೇಳಿದ್ದು ಅದಕ್ಕೆ ತೀರ ವಿರುದ್ಧ. ಬೇಲಿ ಹಾರಿ ಹೊಲಕ್ಕೆ ನುಗ್ಗುವ ತುಡುಗು ದನದಂತೆ, ವರ್ಣತಂತುಗಳಲ್ಲಿಯೂ ತುಡುಗು ತುಂಡುಗಳಿವೆ ಎಂದಂತಾಯಿತು.

ಈಗ ಚುಕ್ಕೆಯ ಲೆಕ್ಕಕ್ಕೆ ಬನ್ನಿ. ಕಾಳಿಗೆ ನೇರಳೆ ಬಣ್ಣ ಕೊಡುವ ಒಂದು ವಂಶವಾಹಿ ಇದೆ. ತುಡುಗು ತುಂಡು ನೆಗೆದು ಅದರ ನಡುವೆ ಹೋಗಿ ಕುಳಿತರೆ ಆ ವಂಶವಾಹಿ ಕೆಡುತ್ತದೆ, ಕಾಳಿಗೆ ಬಣ್ಣ ಬರುವುದಿಲ್ಲ. ಕಾಳು ಬೆಳೆಯುತ್ತಿರುವಾಗ ಯಾವುದೋ ಒಂದು ಕೋಶದಲ್ಲಿ ಆ ತುಂಡು ಎದ್ದು ಹೋಯಿತೆನ್ನಿ. ಆ ಕೋಶದಲ್ಲಿ ವಂಶವಾಹಿ ಮತ್ತೆ ಸರಿಹೋಗಿ ಬಣ್ಣ ಬರುತ್ತದೆ. ಆ ಕೋಶದ ಮಕ್ಕಳು ಮೊಮ್ಮಕ್ಕಳಿಗೆಲ್ಲ ಬಣ್ಣ ಬರುತ್ತದೆ. ಕಾಳು ಇನ್ನೂ ಎಳೆಯದಿದ್ದಾಗಲೇ ತುಂಡು ಎದ್ದು ಹೋಗಿದ್ದರೆ ಸಂತಾನ ದೊಡ್ಡದು, ಚುಕ್ಕೆಯೂ ದೊಡ್ಡದು. ಕಾಳು ಬಲಿಯುವ ಹೊತ್ತಿಗೆ ಹೋಗಿದ್ದರೆ ಚುಕ್ಕೆ ಸೂಜಿಮೊನೆಯಷ್ಟು. ಚುಕ್ಕೆಯ ಗಾತ್ರ ನೋಡಿ ತುಂಡು ಯಾವಾಗ ಎದ್ದಿತೆಂದು, ಚುಕ್ಕೆಗಳ ಸಂಖ್ಯೆ ನೋಡಿ ಎಷ್ಟು ಸಲ ಎದ್ದಿತೆಂದು ಹೇಳಬಹುದು. ಆಕ್ಟಿವೇಟರ್‌ನ ಪ್ರತಿಗಳು ಹೆಚ್ಚಾದಷ್ಟೂ ಕೆಲಸ ತಡವಾಗಿ ನಡೆದು ಚುಕ್ಕೆ ಸಣ್ಣದಾಗುತ್ತದೆ ಎಂಬುದನ್ನೂ ಅವರು ತೆನೆ ನೋಡಿಯೇ ಲೆಕ್ಕ ಹಾಕಿದರು. ಆಗ ಡಿ.ಎನ್.ಎ. ರಚನೆಯೇ ಯಾರಿಗೂ ತಿಳಿದಿರಲಿಲ್ಲ ಎಂಬುದನ್ನು ನೆನಪಿಡಿ. ಅದು ತಿಳಿದದ್ದು 1953ರಲ್ಲಿ. ತೆನೆ, ಎಲೆ ಮತ್ತು ಸೂಕ್ಷ್ಮದರ್ಶಕ ಇಷ್ಟೇ ಅವರ ಸಾಮಗ್ರಿ.

1950ರಲ್ಲಿ ಇದನ್ನು ಬರೆದು ಪ್ರಕಟಿಸಿದರು. 1951ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿಯೇ ಸೇರಿದ ವಿಜ್ಞಾನಿಗಳ ದೊಡ್ಡ ಸಭೆಯಲ್ಲಿ ವಿವರಿಸಿದರು. ಸಭೆ ಹೆಚ್ಚುಕಡಿಮೆ ಮೌನವಾಗಿ ಕುಳಿತಿತ್ತು. ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಬಾರ್ಬರಾ ಆಗ ಹೆಸರಿಲ್ಲದವರೇನೂ ಅಲ್ಲ. 1944ರಲ್ಲಿಯೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾಗಿದ್ದರು, 1945ರಲ್ಲಿ ಅಲ್ಲಿಯ ತಳಿವಿಜ್ಞಾನ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷರಾಗಿದ್ದರು. ಅವರ ಪ್ರಯೋಗ ಸುಳ್ಳೆಂದು ಬಲ್ಲವರಾರೂ ಹೇಳಲಿಲ್ಲ. 1952ರಲ್ಲಿ ವಿಸ್ಕಾನ್ಸಿನ್ನಿನ ಬ್ರಿಂಕ್ ಎಂಬವರ ಪ್ರಯೋಗಶಾಲೆಯಲ್ಲಿಯೂ ಅಂಥದೇ ತುಂಡು ಕಂಡಿತು. ಆದರೆ ಇದು ಗೋವಿನ ಜೋಳದ ಒಂದು ವಿಚಿತ್ರ, ಉಳಿದ ಜೀವಿಗಳಿಗೆ ಇದರಿಂದೇನು ಎಂದು ಹೆಚ್ಚಿನವರು ಬದಿಗಿಟ್ಟರು. ಈ ತುಂಡುಗಳೇ ಗಿಡದ ಬೆಳವಣಿಗೆಯನ್ನು ಹತೋಟಿಯಲ್ಲಿಡುತ್ತವೆ ಎಂದು ಬಾರ್ಬರಾ ವಾದಿಸಿದ್ದು ಯಾರಿಗೂ ಒಪ್ಪಿಗೆಯಾಗಲಿಲ್ಲ. ನಿಜ ಹೇಳಬೇಕೆಂದರೆ ಆ ವಾದ ಪೂರ್ತಿಯಾಗಿ ನಿಲ್ಲಲೂ ಇಲ್ಲ. ಎಲೆ, ಹೂವು, ಕಾಳು ಮೂಡುವುದನ್ನು ನಡೆಸುವ ಮುಖ್ಯ ವ್ಯವಸ್ಥೆ ಬೇರೆ ಇದೆ. ಅವರನ್ನು ಎಲ್ಲದರಲ್ಲಿಯೂ ಸರಿಯಾದವರೆಂದು ಚಿತ್ರಿಸುವ ಬರಹಗಳು ಬಂದಿವೆ, ಅದು ಅವರಿಗೆ ನ್ಯಾಯ ಮಾಡಿದಂತಲ್ಲ. ಅವರ ನಿಜವಾದ ದೊಡ್ಡಸ್ತಿಕೆ ಮುಂದಿನ ಸಂಗತಿಯಲ್ಲಿದೆ ಎಂದು ನನ್ನ ಎಣಿಕೆ.

ಮಲಗುವ ತುಂಡು, ಏಳುವ ತುಂಡು

1953ರ ನಂತರ ಬಾರ್ಬರಾ ತಮ್ಮ ಕೆಲಸದ ವಿವರಗಳನ್ನು ಪತ್ರಿಕೆಗಳಿಗೆ ಕಳಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿ, ತಮ್ಮ ಸಂಸ್ಥೆಯ ವಾರ್ಷಿಕ ವರದಿಗೆ ಮಾತ್ರ ಬರೆಯುತ್ತ ಬಂದರು. ಹೊಲದ ಕೆಲಸ ನಿಲ್ಲಲಿಲ್ಲ. ಆ ವರ್ಷಗಳಲ್ಲಿ ಅವರು ಮತ್ತೊಂದು ಬಗೆಯ ತುಡುಗು ತುಂಡನ್ನು ಕಂಡುಹಿಡಿದು ಅದರ ಬೆನ್ನು ಹತ್ತಿದ್ದರು. ಅದರ ನಡೆ ವಿಚಿತ್ರ. ಕೆಲವು ಗಿಡಗಳಲ್ಲಿ ಅದು ಚುರುಕಾಗಿ ಕೆಲಸ ಮಾಡುತ್ತಿತ್ತು. ಮುಂದಿನ ತಲೆಮಾರಿನಲ್ಲಿ ಇದ್ದಕ್ಕಿದ್ದಂತೆ ಅದರ ಸುಳಿವೇ ಇಲ್ಲ. ಕಳೆದುಹೋಯಿತೇ ಎಂದು ನೋಡಿದರೆ ಇಲ್ಲ, ಇನ್ನೊಂದು ತಲೆಮಾರಿನಲ್ಲಿ ಮತ್ತೆ ಎದ್ದು ಕೂರುತ್ತಿತ್ತು. ಒಮ್ಮೊಮ್ಮೆ ಒಂದೇ ಗಿಡದ ಒಂದು ಭಾಗದಲ್ಲಿ ಎಚ್ಚರ, ಇನ್ನೊಂದು ಭಾಗದಲ್ಲಿ ನಿದ್ದೆ.

ಅಂದರೆ ತುಂಡು ಅಲ್ಲೇ ಇದೆ, ಅದರಲ್ಲಿ ಏನೂ ಬದಲಾಗಿಲ್ಲ, ಆದರೂ ಅದು ಮಲಗಬಲ್ಲದು ಮತ್ತು ಏಳಬಲ್ಲದು; ಆ ನಿದ್ದೆ ಬೀಜದ ಮೂಲಕ ಮಕ್ಕಳಿಗೂ ಹೋಗಬಲ್ಲದು. 1950 ಮತ್ತು 60ರ ದಶಕಗಳಲ್ಲಿ ಹೀಗೆ ಹೇಳುವುದಕ್ಕೆ ಬಹಳ ಧೈರ್ಯ ಬೇಕಿತ್ತು. ವಂಶವಾಹಿ ಬದಲಾದರೆ ಮಾತ್ರ ಗುಣ ಬದಲಾಗುತ್ತದೆ ಎಂಬುದೇ ನಾವೂ ಕಾಲೇಜಿನಲ್ಲಿ ಓದಿದ ಪಾಠ.

ಇದರ ಕಾರಣ ತಿಳಿದದ್ದು 1980ರ ದಶಕದಲ್ಲಿ. ನೀನಾ ಫೆಡೊರಾಫ್ ಎಂಬ ವಿಜ್ಞಾನಿ ಬಾರ್ಬರಾ ಕೊಟ್ಟ ಬೀಜಗಳನ್ನೇ ಹಿಡಿದು ಆಕ್ಟಿವೇಟರ್ ಮುಂತಾದ ತುಂಡುಗಳನ್ನು ಡಿ.ಎನ್.ಎ.ಯಿಂದ ಬಿಡಿಸಿ ತೆಗೆದರು. ಆಕ್ಟಿವೇಟರ್ ಎಂದರೆ ಸುಮಾರು 4,500 ಅಕ್ಷರಗಳ ಒಂದು ಬರಹವೆಂದು ತಿಳಿಯಿತು. ಮಲಗಿದ ತುಂಡನ್ನೂ ಎಚ್ಚರವಿದ್ದ ತುಂಡನ್ನೂ ಹೋಲಿಸಿದರು. ಅಕ್ಷರಗಳಲ್ಲಿ ವ್ಯತ್ಯಾಸವಿಲ್ಲ. ಆದರೆ ಮಲಗಿದ ತುಂಡಿನ ಕೆಲವು ಅಕ್ಷರಗಳಿಗೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತು ಅಂಟಿಕೊಂಡಿತ್ತು. ಹಲವು ಪ್ರಯೋಗಶಾಲೆಗಳಲ್ಲಿ ಬೇರೆ ಬೇರೆ ತುಂಡುಗಳ ಮೇಲೂ ಇದೇ ಕಂಡಿತು.

ತುಡುಗು ದನಕ್ಕೆ ನಾವು ಏನು ಮಾಡುತ್ತೇವೆ? ಮಾರುವುದೂ ಇಲ್ಲ, ಕೊಲ್ಲುವುದೂ ಇಲ್ಲ. ಕೊರಳಿಗೆ ಒಂದು ಮರದ ತುಂಡು ಕಟ್ಟಿ ಬಿಡುತ್ತೇವೆ. ದನ ಕೊಟ್ಟಿಗೆಯಲ್ಲಿ ಇರುತ್ತದೆ, ಮೇಯುತ್ತದೆ, ಬೇಲಿ ಹಾರಲು ಮಾತ್ರ ಆಗುವುದಿಲ್ಲ. ಗಿಡ ಮಾಡುವುದೂ ಅದನ್ನೇ. ಸಣ್ಣ ಆರ್.ಎನ್.ಎ. ಚೂರುಗಳು ಆಳುಗಳ ಹಾಗೆ ತಿರುಗುತ್ತ ತುಡುಗು ತುಂಡುಗಳನ್ನು ಗುರುತಿಸಿ ಕೊಡುತ್ತವೆ, ಅವುಗಳ ಮೇಲೆ ಮೀಥೈಲ್ ಗುರುತು ಬೀಳುತ್ತದೆ. ಹಗ್ಗ ಸಡಿಲವಾಗಿ ಮರದ ತುಂಡು ಬಿದ್ದುಹೋದರೆ ಹಳೆಯ ಚಾಳಿ ಮತ್ತೆ ಶುರು. ಒಂದು ವ್ಯತ್ಯಾಸವುಂಟು: ನಮ್ಮ ದನದ ಕರು ಕೊರಳಲ್ಲಿ ಮರದ ತುಂಡು ಕಟ್ಟಿಕೊಂಡು ಹುಟ್ಟುವುದಿಲ್ಲ. ಗಿಡದಲ್ಲಿ ಕರುವೂ ಹಾಗೆಯೇ ಹುಟ್ಟುತ್ತದೆ. ಅಕ್ಷರ ಬದಲಾಗದೆ ಗುರುತಿನಿಂದಷ್ಟೇ ಗುಣ ಮುಂದುವರಿಯುವ ಈ ಕ್ರಮವನ್ನು ಅಭ್ಯಾಸ ಮಾಡುವ ಶಾಸ್ತ್ರಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು.

ಇಷ್ಟು ಕಾವಲು ಏಕೆ ಬೇಕು ಎಂದು ನೀವು ಕೇಳಬಹುದು. 2009ರಲ್ಲಿ ಗೋವಿನ ಜೋಳದ ಡಿ.ಎನ್.ಎ.ಯನ್ನು ಪೂರ್ತಿ ಓದಿದಾಗ ನೂರಕ್ಕೆ ಸುಮಾರು 85 ಪಾಲು ಈ ತುಡುಗು ತುಂಡುಗಳೇ ಎಂದು ತಿಳಿಯಿತು. ಗೋಧಿಯಲ್ಲಿಯೂ ಅಷ್ಟೇ. ನಮ್ಮ ಬಿಳಿಜೋಳದಲ್ಲಿ ನೂರಕ್ಕೆ 60ರಷ್ಟು. ಇವುಗಳಲ್ಲಿ ಬಹುಪಾಲು ಎಂದೋ ಕಾಲು ಮುರಿದುಕೊಂಡು ಬಿದ್ದವು, ಉಳಿದವು ಮಲಗಿರುವವು. ಅವೆಲ್ಲ ಒಮ್ಮೆಗೇ ಎದ್ದು ನೆಗೆದರೆ ಬೆಳೆ ಉಳಿಯುವುದೆಂತು?

ಹಾಗೆಂದು ಎಲ್ಲ ನೆಗೆತವೂ ಹಾನಿಯಲ್ಲ. ಮೆಂಡಲ್ ಬೆಳೆದ ಸುಕ್ಕು ಬಟಾಣಿ ನಿಮ್ಮಲ್ಲಿ ಓದಿದವರಿಗೆ ನೆನಪಿರಬಹುದು. ಪಿಷ್ಟ ಕಟ್ಟುವ ವಂಶವಾಹಿಯೊಳಗೆ ಇಂಥದೊಂದು ತುಂಡು ಹೊಕ್ಕು ಕುಳಿತದ್ದೇ ಆ ಸುಕ್ಕಿಗೆ ಕಾರಣವೆಂದು 1990ರಲ್ಲಿ ತಿಳಿಯಿತು. ದ್ರಾಕ್ಷಿ ಕಪ್ಪಿನಿಂದ ಬಿಳಿಯಾದದ್ದರಲ್ಲಿಯೂ ಇಂಥ ತುಂಡಿನ ಕೈವಾಡವಿದೆ ಎಂದು 2004ರಲ್ಲಿ ಜಪಾನಿನವರು ತೋರಿಸಿದರು. ಪೊದೆಯಂತೆ ಕವಲೊಡೆಯುವ ಕಾಡುಹುಲ್ಲನ್ನು ಮೆಕ್ಸಿಕೋದ ರೈತರು ಸಾವಿರಾರು ವರ್ಷಗಳ ಹಿಂದೆ ಒಂದೇ ದಂಟಿನ ಗೋವಿನ ಜೋಳವಾಗಿ ಆರಿಸಿಕೊಂಡರಷ್ಟೆ. ಅವರು ಆರಿಸಿದ ಗಿಡದಲ್ಲಿ ಕವಲೊಡೆಯುವುದನ್ನು ತಡೆಯುವ ವಂಶವಾಹಿಯ ಪಕ್ಕದಲ್ಲಿಯೂ ಒಂದು ತುಂಡು ಕುಳಿತಿತ್ತು.

ರೇಡಿಯೋದಲ್ಲಿ ಬಂದ ಸುದ್ದಿ

ಮೆಕ್ಸಿಕೋದ ಮಾತು ಬಂತು. 1950ರ ದಶಕದ ಕೊನೆಯಿಂದ ಬಾರ್ಬರಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ನಾಟಿ ತಳಿಗಳನ್ನು ಅಭ್ಯಾಸ ಮಾಡಲು ತೊಡಗಿದರು. ವರ್ಣತಂತುಗಳ ಮೇಲಿನ ಗಂಟುಗಳನ್ನು ನೋಡಿ ಯಾವ ತಳಿ ಯಾವ ಕಡೆಯಿಂದ ಯಾವ ಕಡೆಗೆ ರೈತರ ಕೈಯಲ್ಲಿ ಹೋಯಿತು ಎಂದು ಜಾಡು ಹಿಡಿದರು. ಅಲ್ಲಿಯ ತರುಣರಿಗೆ ಈ ವಿದ್ಯೆ ಕಲಿಸಿದರು. ಇಬ್ಬರು ಸಹೋದ್ಯೋಗಿಗಳೊಂದಿಗೆ ಬರೆದ ಇದರ ಪುಸ್ತಕ 1981ರಲ್ಲಿ ಬಂತು. ತಳಿ ಸಂರಕ್ಷಣೆಯಲ್ಲಿ ಆಸಕ್ತರಾದವರಿಗೆ ಇದೂ ಸಣ್ಣ ಕೆಲಸವಲ್ಲ.

ಅಷ್ಟರಲ್ಲಿ ಗಾಳಿ ತಿರುಗಿತ್ತು. 1960ರ ದಶಕದ ಕೊನೆಯಲ್ಲಿ ಬ್ಯಾಕ್ಟೀರಿಯಾಗಳಲ್ಲಿ, ಮುಂದೆ ಹಣ್ಣಿನ ನೊಣದಲ್ಲಿ, ಯೀಸ್ಟಿನಲ್ಲಿ, ಎಲ್ಲೆಲ್ಲಿ ಹುಡುಕಿದರೂ ನೆಗೆಯುವ ತುಂಡುಗಳು ಸಿಕ್ಕತೊಡಗಿದವು. ಆಗ ಜನರಿಗೆ ಲಾಂಗ್ ಐಲೆಂಡಿನ ಹೊಲದಲ್ಲಿದ್ದ ಹೆಂಗಸು ನೆನಪಾದರು. 1967ರಲ್ಲಿಯೇ ನಿವೃತ್ತಿಯಾಗಿದ್ದರೂ ಅವರು ಅಲ್ಲೇ ಉಳಿದು ಕೆಲಸ ಮಾಡುತ್ತಿದ್ದರು. 1981ರಲ್ಲಿ ಒಂದರ ಮೇಲೊಂದು ಪ್ರಶಸ್ತಿಗಳು ಬಂದವು. 1983ರ ಅಕ್ಟೋಬರಿನಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಅವರೊಬ್ಬರಿಗೇ ಬಂತು. ಆಗ ಅವರಿಗೆ 81 ವರ್ಷ. ಸುದ್ದಿಯನ್ನು ಅವರು ರೇಡಿಯೋದಲ್ಲಿ ಕೇಳಿದರು. ಗೋವಿನ ಜೋಳ ಬೆಳೆದವರಿಗೆ ವೈದ್ಯಶಾಸ್ತ್ರದ ಬಹುಮಾನ! ನೊಬೆಲ್‌ನಲ್ಲಿ ಕೃಷಿಗೆಂದು ಬೇರೆ ಬಹುಮಾನವಿಲ್ಲವಾದ್ದರಿಂದ ಹೀಗೆ.

ಆ ಸಂದರ್ಭದ ಉಪನ್ಯಾಸದಲ್ಲಿ ಅವರು ಹಳೆಯದನ್ನು ಹೇಳಿಕೊಂಡು ಕೂರಲಿಲ್ಲ. ಗಿಡಕ್ಕೆ ಅನಿರೀಕ್ಷಿತ ಆಘಾತವಾದಾಗ, ಉದಾಹರಣೆಗೆ ವರ್ಣತಂತು ಮುರಿದಾಗ, ದೂರದ ಜಾತಿಗಳನ್ನು ಸಂಕರಿಸಿದಾಗ, ಕೋಶಗಳನ್ನು ಗಿಡದಿಂದ ಬೇರ್ಪಡಿಸಿ ಅಂಗಾಂಶ ಕೃಷಿಗೆ ಹಾಕಿದಾಗ, ಮಲಗಿದ್ದ ತುಂಡುಗಳು ಏಳಬಹುದು ಮತ್ತು ಗಿಡದಲ್ಲಿ ಹೊಸ ಬದಲಾವಣೆಗಳು ಬರಬಹುದು ಎಂಬುದು ಅವರ ವಿಚಾರ. ಅವರು ಮದುವೆಯಾಗಲಿಲ್ಲ. 1992ರ ಸೆಪ್ಟೆಂಬರ್ 2ರಂದು ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ವಿಚಾರಕ್ಕೆ ಪುರಾವೆ ಬರಲು ತಡವಾಗಲಿಲ್ಲ. ಭತ್ತದಲ್ಲಿ ಸಾಮಾನ್ಯವಾಗಿ ಮಲಗಿಯೇ ಇರುವ ಒಂದು ತುಂಡು ಅಂಗಾಂಶ ಕೃಷಿಯಲ್ಲಿ ಎದ್ದು ನೆಗೆಯುತ್ತದೆ, ಕೋಶಗಳಿಂದ ಗಿಡ ಮೂಡಿದ ಮೇಲೆ ಮತ್ತೆ ಮಲಗುತ್ತದೆ ಎಂದು 1996ರಲ್ಲಿ ಜಪಾನಿನಿಂದ ವರದಿಯಾಯಿತು.

ರೈತನ ಜೇಬಿಗೆ ನೇರವಾಗಿ ಕೈ ಹಾಕಿದ್ದು ಎಣ್ಣೆ ತಾಳೆಯ ಪ್ರಸಂಗ. ಹೆಚ್ಚು ಎಣ್ಣೆ ಕೊಡುವ ಮರವನ್ನು ಆರಿಸಿ ಅಂಗಾಂಶ ಕೃಷಿಯಿಂದ ಸಾವಿರಾರು ಸಸಿ ಮಾಡಿದರೆ ಎಲ್ಲವೂ ಅದೇ ಇಳುವರಿ ಕೊಡಬೇಕಲ್ಲವೇ? ಮಲೇಷ್ಯಾ ಮುಂತಾದ ಕಡೆ ಹಾಗೆ ನೆಟ್ಟರು. ಸಸಿಗಳು ಚೆನ್ನಾಗಿಯೇ ಬೆಳೆದವು. ಆದರೆ 1980ರ ದಶಕದಲ್ಲಿ, ನೆಟ್ಟು ವರ್ಷಗಳು ಕಳೆದು ಹೂ ಬಿಟ್ಟ ಮೇಲೆ ನೋಡಿದರೆ, ಕೆಲವು ಮರಗಳ ಹಣ್ಣಿನ ಸುತ್ತ ಹೆಚ್ಚುವರಿ ತೊಳೆಗಳು ಎದ್ದು ಹಣ್ಣಿಗೆ ಮೇಲಂಗಿ ತೊಡಿಸಿದಂತಿತ್ತು. ಹೂವಿನ ಗಂಡು ಭಾಗಗಳು ಹೆಣ್ಣು ಭಾಗಗಳಾಗಿ ಮಾರ್ಪಟ್ಟಿದ್ದವು. ಕೆಟ್ಟದಾಗಿ ತಗುಲಿದ ಮರಗಳಲ್ಲಿ ಹಣ್ಣು ಕಟ್ಟದೆ ಉದುರುತ್ತಿತ್ತು. ಕೆಲವು ತಂಡದ ಸಸಿಗಳಲ್ಲಿ ಇಂಥವು ಬೆರಳೆಣಿಕೆ, ಕೆಲವು ತಂಡಗಳಲ್ಲಿ ಬಹಳ. ಗೊಬ್ಬರ, ನೀರು, ಆರೈಕೆ ಎಲ್ಲ ಸುರಿದು ವರ್ಷಗಟ್ಟಲೆ ಕಾದ ಮೇಲೆ ತಿಳಿಯುವ ನಷ್ಟವಿದು. ಡಿ.ಎನ್.ಎ. ಅಕ್ಷರಗಳನ್ನು ಹೋಲಿಸಿದರೆ ಒಳ್ಳೆಯ ಮರಕ್ಕೂ ಕೆಟ್ಟ ಮರಕ್ಕೂ ವ್ಯತ್ಯಾಸ ಸಿಗದೆ ಮೂವತ್ತು ವರ್ಷ ಹೋಯಿತು.

ಉತ್ತರ ಸಿಕ್ಕಿದ್ದು 2015ರಲ್ಲಿ. ಮಲೇಷ್ಯಾದ ತಾಳೆ ಎಣ್ಣೆ ಮಂಡಳಿಯ ವಿಜ್ಞಾನಿಗಳು ಕೆಲಸ ಮಾಡಿದ್ದರು, ಜೊತೆಗೆ ಬಾರ್ಬರಾ ಬಾಳಿದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನವರೂ ಕೈಗೂಡಿಸಿದ್ದರು. ಹೂವಿನ ಅಂಗಗಳನ್ನು ರೂಪಿಸುವ ಒಂದು ವಂಶವಾಹಿಯೊಳಗೆ ತುಡುಗು ತುಂಡೊಂದು ಬಹು ಹಿಂದಿನಿಂದ ಮಲಗಿದೆ. ಅದರ ಹೆಸರು ಕರ್ಮ, ನಮ್ಮದೇ ಮಾತು. ಅದರ ಮೇಲೆ ಮೀಥೈಲ್ ಗುರುತು ದಟ್ಟವಾಗಿದ್ದರೆ ಹಣ್ಣು ಸರಿಯಾಗಿ ಕಟ್ಟುತ್ತದೆ. ಅಂಗಾಂಶ ಕೃಷಿಯಲ್ಲಿ ಆ ಗುರುತು ಅಳಿಸಿಹೋದ ಸಸಿಗಳಲ್ಲಿ ವಂಶವಾಹಿಯ ಸಂದೇಶ ನಡುವೆಯೇ ತುಂಡಾಗಿ ಹೂವು ಕೆಡುತ್ತದೆ. ಈಗ ಸಸಿಯ ಎಲೆಯ ಚೂರು ಪರೀಕ್ಷಿಸಿ, ನೆಡುವ ಮೊದಲೇ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಲು ದಾರಿಯಾಗಿದೆ.

ನಮ್ಮ ರಾಜ್ಯದಲ್ಲಿ ಎಣ್ಣೆ ತಾಳೆ ಬೆಳೆಯುವವರು ಇದರಿಂದ ಗಾಬರಿಯಾಗಬೇಕಿಲ್ಲ, ಇಲ್ಲಿ ಸಸಿಗಳನ್ನು ಬಹುಮಟ್ಟಿಗೆ ಬೀಜದಿಂದಲೇ ಎಬ್ಬಿಸುತ್ತಾರೆ. ಅಂಗಾಂಶ ಕೃಷಿಯ ಬಾಳೆ ನೆಡುವವರು ಮಾತ್ರ ಗಮನಿಸಿ. ನೂರಾರು ಸಸಿಗಳಲ್ಲಿ ಕೆಲವು ಗಿಡ್ಡವಾಗಿ ಉಳಿಯುವುದು, ಎಲೆ ಕಿರಿದಾಗಿಯೋ ಮಚ್ಚೆಮಚ್ಚೆಯಾಗಿಯೋ ಬರುವುದು ಉಂಟು. ಇವೆಲ್ಲಕ್ಕೂ ಕಾರಣ ತುಡುಗು ತುಂಡೇ ಎನ್ನುವಂತಿಲ್ಲ. ವರ್ಣತಂತುವಿನ ಏರುಪೇರು, ನಂಜು ರೋಗ, ಬೇರೆ ಕಾರಣಗಳೂ ಇರುತ್ತವೆ. ಆದರೆ ಒಂದು ಕಂದಿನಿಂದ ಪ್ರಯೋಗಶಾಲೆಯಲ್ಲಿ ಮತ್ತೆ ಮತ್ತೆ ಸಸಿ ಸೀಳುತ್ತ ಹೋದಷ್ಟೂ ಇಂಥ ಬೆರಕೆ ಹೆಚ್ಚುತ್ತದೆ. ಆದ್ದರಿಂದಲೇ ಒಳ್ಳೆಯ ಪ್ರಯೋಗಶಾಲೆಗಳು ಸೀಳುವ ಸರದಿಗೆ ಮಿತಿ ಇಟ್ಟುಕೊಂಡಿರುತ್ತವೆ. ಸಸಿ ಕೊಳ್ಳುವಾಗ ಅದನ್ನು ಕೇಳುವುದು ನಿಮ್ಮ ಹಕ್ಕು. ಸಸಿಗಳನ್ನು ಹೊಲಕ್ಕೆ ಒಯ್ಯುವ ಮುನ್ನ ಸಾಲಾಗಿ ನಿಲ್ಲಿಸಿ ಒಮ್ಮೆ ಕಣ್ಣಾಡಿಸಿ. ಗಿಡ್ಡ ಸಸಿ ಅಲ್ಲಿಯೇ ಎದ್ದು ಕಾಣುತ್ತದೆ. ರಸೀದಿ ಮತ್ತು ಸಸಿಯ ತಂಡದ ನಂಬರನ್ನು ಎತ್ತಿಟ್ಟುಕೊಳ್ಳಿ.

ಎಣ್ಣೆ ತಾಳೆಯಲ್ಲಿ ಇನ್ನೊಂದು ಸಂಗತಿಯೂ ಕಂಡುಬಂದಿದೆ. ಮೇಲಂಗಿ ತೊಟ್ಟ ಹಣ್ಣು ಬಿಡುತ್ತಿದ್ದ ಮರಗಳಲ್ಲಿ ಕೆಲವು, ಯಾರೂ ಏನೂ ಮಾಡದಿದ್ದರೂ, ಕೆಲವು ವರ್ಷಗಳ ನಂತರ ತಾವಾಗಿಯೇ ಸರಿಯಾದ ಹಣ್ಣು ಬಿಡಲು ತೊಡಗುತ್ತವೆ. ಅಂಥ ಮರಗಳನ್ನು ಪರೀಕ್ಷಿಸಿದಾಗ ಕರ್ಮದ ಮೇಲೆ ಅಳಿಸಿಹೋಗಿದ್ದ ಗುರುತು ಮತ್ತೆ ಬಂದಿತ್ತು.